ಎರಡು ಭಾನುವಾರ, ಒಂದೇ ನಂದಿ ಬೆಟ್ಟ

ನಮ್ಮ ಭಾವ ಸೇತುರಾಮ ಮೂವತ್ತೆಂಟು ವರ್ಷ ರೈಲ್ವೆಯಲ್ಲಿದ್ದರು. ಅಷ್ಟು ವರ್ಷದಲ್ಲಿ ಒಂದು ಗಾಡಿಯನ್ನೂ ತಪ್ಪಿಸಿಕೊಂಡವರಲ್ಲ. ಇದು ನನ್ನ ಮಾತಲ್ಲ, ಅವರೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದದ್ದು. ಮದುವೆಮನೆಯಲ್ಲಿ ಹೇಳುತ್ತಿದ್ದರು, ಹಾಲಿನ ಬೂತಿನ ಸಾಲಿನಲ್ಲಿ ನಿಂತು ಹೇಳುತ್ತಿದ್ದರು, ಒಮ್ಮೆ ಹಲ್ಲು ಕೀಳಿಸಿಕೊಳ್ಳಲು ಹೋದಾಗ ಬಾಯಿ ತೆರೆಯಿರಿ ಎಂದ ಡಾಕ್ಟರಿಗೂ ಮೊದಲು ಇದನ್ನೇ ಹೇಳಿದ್ದರು. ಕೇಳಿ ಕೇಳಿ ನಮ್ಮ ಕಿವಿ ತೂತಾಗಿತ್ತು.

ಯಶವಂತಪುರದ ಗೂಡ್ಸ್ ಯಾರ್ಡಿನಲ್ಲಿ ಅವರು ನಂಬರ್ ಟೇಕರ್. ಗೂಡ್ಸ್ ಗಾಡಿ ಬಂದು ನಿಂತ ಕೂಡಲೇ ಅದರ ಉದ್ದಕ್ಕೂ ನಡೆದು ಪ್ರತಿ ವ್ಯಾಗನ್ನಿನ ನಂಬರು ಬರೆದುಕೊಳ್ಳುವುದು ಕೆಲಸ. ಬಿಸಿಲಿರಲಿ ಮಳೆಯಿರಲಿ, ನಡೆಯಬೇಕು, ಬರೆಯಬೇಕು. ಯಾರ್ಡಿನ ಗದ್ದಲದಲ್ಲಿ ಬಾಯಿಮಾತು ಕೇಳಿಸುವುದಿಲ್ಲವಾದ್ದರಿಂದ ಅಲ್ಲಿ ಎಲ್ಲರೂ ಕೈಸನ್ನೆಯಲ್ಲೇ ಮಾತಾಡುತ್ತಾರಂತೆ. ಬಲಗೈಯನ್ನು ತಲೆಯ ಮೇಲೆತ್ತಿ ನಿಧಾನವಾಗಿ ಅತ್ತಿತ್ತ ಬೀಸಿದರೆ, ‘ಎಲ್ಲ ಸರಿಯಾಗಿದೆ, ಹೊರಡು’ ಎಂದು ಅರ್ಥ. ಭಾವ ಈ ಸನ್ನೆಯನ್ನು ಮನೆಗೂ ತಂದುಬಿಟ್ಟಿದ್ದರು. ಸಾರಿಗೆ ಉಪ್ಪು ಸರಿಯಾಗಿದ್ದರೆ ಎಂಜಲು ಕೈ ಬಿಟ್ಟು ಎಡಗೈ ಎತ್ತಿ ಬೀಸುವರು. ಅವರ ಮಗಳ ಮದುವೆಯಲ್ಲಿ ಪುರೋಹಿತರು ಇನ್ನೂ ಮಂತ್ರದ ಮಧ್ಯದಲ್ಲಿದ್ದಾಗಲೇ ಇವರ ಕೈ ಮೇಲಕ್ಕೆ ಹೋಗಿ ಬೀಸಿತು, ವಾದ್ಯದವರು ಅದನ್ನು ನೋಡಿ ಗಟ್ಟಿಮೇಳ ಊದಿಯೇಬಿಟ್ಟರು. ಪುರೋಹಿತರು ಆಮೇಲೆ ಊಟಕ್ಕೆ ಕೂರುವವರೆಗೂ ಮುಖ ಗಂಟುಹಾಕಿಕೊಂಡಿದ್ದರು.

ರೈಲ್ವೆಯವರಿಗೆ ವರ್ಷಕ್ಕಿಷ್ಟು ಎಂದು ಪುಕ್ಕಟೆ ಪಾಸು ಸಿಗುತ್ತದೆ. ಅದನ್ನು ಬಳಸದೆ ಬಿಟ್ಟರೆ ಪಾಪ ಸುತ್ತಿಕೊಳ್ಳುತ್ತದೆ ಎಂದು ಭಾವ ನಂಬಿದ್ದರು. ವರ್ಷಕ್ಕೊಮ್ಮೆ ಟೈಮ್‌ಟೇಬಲ್ ಹಿಡಿದು ಕೂತು, ಎಲ್ಲಿ ಇಳಿದು ಎಲ್ಲಿ ಹತ್ತಿದರೆ ಒಂದೇ ಪಾಸಿನಲ್ಲಿ ಅತಿ ದೂರ ಹೋಗಿಬರಬಹುದು ಎಂದು ಯೋಚಿಸುವರು. ಹೀಗೆ ನನ್ನ ಅಕ್ಕ ಗೋದಾ ರಾಮೇಶ್ವರ, ಪುರಿ, ದ್ವಾರಕೆ, ಕಾಶಿ ಎಲ್ಲಕ್ಕೂ ಹೋಗಿಬಂದಳು. ಹೋಗಿಬಂದಳು, ಅಷ್ಟೆ. ಇಳಿದ ಸ್ಟೇಷನ್ನಿನಲ್ಲಿ ಮುಂದಿನ ಗಾಡಿಗೆ ಒಂದು ಗಂಟೆಯೋ ಎರಡು ಗಂಟೆಯೋ ಇರುತ್ತಿತ್ತು. ಗಾಡಿಗೆ ನಲವತ್ತು ನಿಮಿಷ ಮೊದಲು ಪ್ಲಾಟ್‌ಫಾರ್ಮಿನಲ್ಲಿ ಇರಬೇಕೆನ್ನುವುದು ಭಾವನ ಕಾನೂನು. ಉಳಿದ ಸಮಯದಲ್ಲಿ ಸ್ನಾನ, ತಿಂಡಿ. ಪುರಿಯಲ್ಲಿ ಸಮುದ್ರದ ಸದ್ದು ಕೇಳಿಸಿತಂತೆ, ಸಮುದ್ರ ನೋಡಲಾಗಲಿಲ್ಲ.

ಎಲ್ಲಕ್ಕಿಂತ ಅಕ್ಕನ ಹೊಟ್ಟೆ ಉರಿಸಿದ್ದು ಆಗ್ರಾ. ಅರವತ್ತೊಂದರ ಡಿಸೆಂಬರಿನಲ್ಲಿ ಹೋಗಿದ್ದರು. ಅಕ್ಕ ಆರು ತಿಂಗಳ ಮೊದಲೇ ತಾಜಮಹಲಿನ ಕ್ಯಾಲೆಂಡರ್ ಒಂದನ್ನು ಅಡುಗೆಮನೆಯಲ್ಲಿ ನೇತುಹಾಕಿಕೊಂಡಿದ್ದಳು. ಗಾಡಿ ಬೆಳಗಿನ ಜಾವ ಬಂತು, ಮುಂದಿನ ಗಾಡಿಗೆ ಐವತ್ತೈದು ನಿಮಿಷ. ‘ಯಮುನೆ ಸೇತುವೆ ಮೇಲಿಂದ ಚೆನ್ನಾಗಿ ಕಾಣತ್ತೆ ಕಣೇ’ ಎಂದು ಭಾವ ಅವಳನ್ನು ಕಿಟಕಿ ಪಕ್ಕ ಕೂರಿಸಿದರು. ಸೇತುವೆ ಬಂತು, ಮಂಜೂ ಬಂತು. ಏನೋ ಬೆಳ್ಳಗೆ ಕಂಡಿತು. ಅದು ತಾಜಮಹಲೋ ಮಂಜೋ ಎಂದು ಅಕ್ಕನಿಗೆ ಇವತ್ತಿಗೂ ಗೊತ್ತಿಲ್ಲ.

ನಾನು ನಾಗಮಣಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಕೊಡುವ ಕೆಲಸ. ಮೂರು ನಿಮಿಷ ಆಯಿತೆಂದರೆ ಯಾರ ಮಾತನ್ನಾದರೂ ಕತ್ತರಿಸಿ ಅಭ್ಯಾಸವಾಗಿರುವುದರಿಂದ ನನ್ನ ನಾಲಿಗೆ ಸ್ವಲ್ಪ ಚುರುಕು ಎಂದು ಮನೆಯವರ ದೂರು. ಆದರೆ ಭಾವನ ವಿಷಯದಲ್ಲಿ ನಾನು ಆಡಿದ್ದೆಲ್ಲ ನ್ಯಾಯವಾದ ಮಾತೇ. ಆರ್.ಟಿ. ನಗರದ ನನ್ನ ಮನೆಗೆ ಅಕ್ಕ ಬಂದಾಗಲೆಲ್ಲ, ‘ನಿನ್ನ ಗಂಡ ನಿನ್ನನ್ನು ಪಾರ್ಸೆಲ್ ಮಾಡಿ ಊರೂರಿಗೆ ಕಳಿಸ್ತಾರೆ, ಅಷ್ಟೆ’ ಎನ್ನುತ್ತಿದ್ದೆ. ಅಕ್ಕ ನಗುತ್ತಿದ್ದಳು.

ಎಂಬತ್ತೆರಡರ ಕೊನೆಯಲ್ಲಿ ಭಾವ ರಿಟೈರಾದರು. ಎಷ್ಟೋ ವರ್ಷ ಹಿಂದೆ ಯಾರದೋ ಒತ್ತಾಯಕ್ಕೆ ಯಲಹಂಕದ ಕಡೆಯ ಸಿಂಗಾಪುರ ಎನ್ನುವ ಹಳ್ಳಿಯಲ್ಲಿ ಒಂದು ಸೈಟು ತೆಗೆದುಕೊಂಡಿದ್ದರು. ಜಾಲಿಮುಳ್ಳು, ಹಾವು, ಬಸ್ಸಿಲ್ಲ. ಅದನ್ನು ಮಾರಿಬಿಟ್ಟರು. ಸಿಂಗಾಪುರ ಮಾರಿ ಫಾರಿನ್ನಿಗೆ ಹೋದ ಬುದ್ಧಿವಂತ ಎಂದು ನೆಂಟರು ಈಗಲೂ ಆಡಿಕೊಳ್ಳುತ್ತಾರೆ. ಆದರೆ ಆ ದಿನ ಅಕ್ಕ ಬಾಯಿಬಿಟ್ಟು ಕೇಳಿದ್ದು ಒಂದೇ ಮಾತು. ಮದುವೆಯಾಗಿ ಮೂವತ್ನಾಲ್ಕು ವರ್ಷದಲ್ಲಿ ಅವಳು ತನಗಾಗಿ ಕೇಳಿದ್ದನ್ನು ನಾನು ಕಂಡಿದ್ದು ಅದೇ ಮೊದಲು.

“ಮನೆ ಬೇಡ, ಬಳೆ ಬೇಡ ಕಣ್ರೀ. ಒಂದ್ ಸಲ ಯುರೋಪ್ ನೋಡ್ಬೇಕು. ನೋಡ್ಬೇಕು ಅಂದ್ರೆ ಸಾಕು ಅನ್ಸೋವರ್ಗೂ ನೋಡ್ಬೇಕು.”

ಭಾವ ಕೂಡಲೇ ಕೈ ಎತ್ತಿ ಬೀಸಿದರು. ಜಗಳ ಶುರುವಾಗಿದ್ದು ಹೋಗುವುದು ಹೇಗೆ ಎಂಬಲ್ಲಿ.

ಬೆಂಕಿ ಹಚ್ಚಿದವಳು ನಾನೇ. ನಮ್ಮ ಎಕ್ಸ್‌ಚೇಂಜಿಗೆ ಶುಭಯಾನ ಟೂರ್ಸ್ ಎನ್ನುವವರ ಕಾಗದ ಬಂದಿತ್ತು. ಒಂಬತ್ತು ದೇಶ, ಹದಿನೇಳು ದಿನ, ಮೂವತ್ತಾರು ಜನರ ಗುಂಪು, ಹವಾನಿಯಂತ್ರಿತ ಬಸ್ಸು, ಜೊತೆಗೆ ಅಡುಗೆಯವರು, ಎಲ್ಲೇ ಇದ್ದರೂ ಮಧ್ಯಾಹ್ನಕ್ಕೆ ಸಾರು, ಪಲ್ಯ, ಮೊಸರನ್ನ. ಅದನ್ನು ಒಯ್ದು ಅಕ್ಕನ ಕೈಗೆ ಕೊಟ್ಟೆ. ಅಕ್ಕ ಎರಡು ಸಲ ಓದಿದಳು. ಮಾತಾಡಲು ನಾಲ್ಕು ಹೆಂಗಸರು ಸಿಗುತ್ತಾರೆ, ತೋರಿಸುವವರು ಇರುತ್ತಾರೆ, ಸ್ಟೇಷನ್ನಿನಲ್ಲಿ ಟ್ರಂಕಿನ ಮೇಲೆ ಕೂತು ಕಾಯುವುದಿಲ್ಲ. ಅವಳಿಗೆ ಬೇಕಾದ್ದೆಲ್ಲ ಅದರಲ್ಲಿತ್ತು.

“ಬಸ್ಸಾ?” ಎಂದರು ಭಾವ. ಯಾರೋ ಸತ್ತ ಸುದ್ದಿ ಕೇಳಿದವರ ಮುಖ. “ಅಷ್ಟು ಒಳ್ಳೆ ರೈಲಿರೋ ದೇಶಕ್ಕೆ ಹೋಗಿ ಬಸ್ಸಲ್ಲಿ ಕೂರೋದಾ? ನಾನೇ ಪ್ಲಾನ್ ಮಾಡ್ತೀನಿ ಬಿಡು.”

ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಯಲ್ಲಿ ಅವರಿಗೆ ಯುರೋಪಿನ ರೈಲ್ವೆ ಟೈಮ್‌ಟೇಬಲ್ ಒಂದು ಸಿಕ್ಕಿತು. ಮೂರು ವರ್ಷ ಹಳೆಯದು. ನಾನು ಅದನ್ನು ಎತ್ತಿ ಹೇಳಿದರೆ, ‘ರೈಲ್ವೆ ಟೈಮು ಮೂರು ವರ್ಷಕ್ಕೆಲ್ಲ ಬದಲಾಗಲ್ಲ ಕಣೇ’ ಎಂದರು. ವಿದೇಶದವರಿಗೆಂದು ಅಲ್ಲೂ ಒಂದು ರೈಲ್ವೆ ಪಾಸು ಇದೆ ಎಂದು ಗೊತ್ತಾದ ದಿನವಂತೂ ಅವರ ಕಾಲು ನೆಲದ ಮೇಲಿರಲಿಲ್ಲ. ದುಡ್ಡು ಕೊಟ್ಟು ಕೊಳ್ಳುವ ಪಾಸು, ಆದರೂ ಪಾಸು ಪಾಸೇ. ಹನ್ನೊಂದು ದಿನ ಕೂತು ಇಪ್ಪತ್ತೊಂದು ದಿನದ, ಒಂಬತ್ತು ದೇಶದ ಯಾತ್ರೆ ತಯಾರಿಸಿದರು. ಕಂಪನಿಯವರದೂ ಒಂಬತ್ತಾದ್ದರಿಂದ ಇವರದೂ ಒಂಬತ್ತೇ ಆಗಬೇಕು.

ಎಲ್ಲಿ ಮಲಗುವುದು ಎಂದು ಅಕ್ಕ ಕೇಳಿದಳು.

“ರಿಟೈರಿಂಗ್ ರೂಮಲ್ಲಿ” ಎಂದರು ಭಾವ. ಇದೂ ಒಂದು ಪ್ರಶ್ನೆಯೇ ಎನ್ನುವ ಧಾಟಿ.

ನೋಡಿ, ಜೀವಮಾನವೆಲ್ಲ ಸ್ಟೇಷನ್ ಮೇಲಿನ ರಿಟೈರಿಂಗ್ ರೂಮುಗಳಲ್ಲಿ ಮಲಗೆದ್ದ ಮನುಷ್ಯ. ಪ್ರಪಂಚದಲ್ಲಿ ಸ್ಟೇಷನ್ನಿದ್ದ ಕಡೆಯೆಲ್ಲ ಎರಡು ಮಂಚ, ಒಂದು ಸೊಳ್ಳೆಪರದೆ, ಒಂದು ಬಕೆಟ್ ಬಿಸಿನೀರು ಇದ್ದೇ ಇರುತ್ತದೆ ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಹದಿನಾಲ್ಕು ಊರಿನ ಸ್ಟೇಷನ್ ಮಾಸ್ಟರುಗಳಿಗೆ ಒಂದೇ ಒಕ್ಕಣೆಯಲ್ಲಿ ಇಂಗ್ಲಿಷಿನ ಕಾಗದ ಹಾಕಿದರು: ‘ಮಾನ್ಯರೇ, ನಾನು ಯಶವಂತಪುರ ಯಾರ್ಡಿನ ನಿವೃತ್ತ ನಂಬರ್ ಟೇಕರ್. ಇಂಥ ದಿನ ಇಂಥ ಗಾಡಿಯಲ್ಲಿ ಪತ್ನಿಸಮೇತ ತಮ್ಮ ಸ್ಟೇಷನ್ನಿಗೆ ಬರುವವನಿದ್ದೇನೆ. ರಿಟೈರಿಂಗ್ ರೂಮಿನಲ್ಲಿ ಎರಡು ಮಂಚ ಕಾಯ್ದಿರಿಸಿ, ಬಿಸಿನೀರಿನ ವ್ಯವಸ್ಥೆ ಮಾಡಿಸಬೇಕಾಗಿ ವಿನಂತಿ.’ ಅದರ ಕೆಳಗೆ ತಮ್ಮ ಹಳೆಯ ಡ್ಯೂಟಿಯ ಮೊಹರನ್ನೂ ಒತ್ತಿದ್ದರು.

ಉತ್ತರಗಳು ಬರತೊಡಗಿದವು. ಇದನ್ನು ಮಾತ್ರ ಒಪ್ಪಲೇಬೇಕು, ಆ ದೇಶದವರು ಮರ್ಯಾದಸ್ಥರು. ನಮ್ಮಲ್ಲಿ ಅಂಥ ರೂಮೇ ಇಲ್ಲ ಎಂದು ಒಬ್ಬರು. ಬೆಂಚು ಇದೆ, ಆದರೆ ಅದರ ಮೇಲೆ ಮಲಗಿದರೆ ಪೊಲೀಸರು ಎಬ್ಬಿಸುತ್ತಾರೆ ಎಂದು ಇನ್ನೊಬ್ಬರು. ನೀವು ಬರೆದಿರುವ ಗಾಡಿ ಎರಡು ವರ್ಷದಿಂದ ಓಡುತ್ತಿಲ್ಲ ಎಂದು ಮತ್ತೊಬ್ಬರು. ಭಾವ ಪ್ರತಿ ಉತ್ತರವನ್ನೂ ಓದಿ, ಹಾಗಾದರೆ ರಾತ್ರಿ ಗಾಡಿಯಲ್ಲೇ ನಿದ್ದೆ ಮಾಡಿದರಾಯಿತು ಎಂದು ಪ್ಲಾನ್ ತಿದ್ದುತ್ತಾ ಹೋದರು. ಕೊನೆಗೆ ಇಪ್ಪತ್ತೊಂದು ರಾತ್ರಿಯಲ್ಲಿ ಹದಿನೇಳು ರಾತ್ರಿ ಗಾಡಿಯಲ್ಲೇ ಕಳೆಯುವಂತಾಯಿತು.

“ಇದು ಯುರೋಪಲ್ಲ ಭಾವ, ಇದು ಆಗ್ರಾನೇ. ಒಂಬತ್ತು ಆಗ್ರಾ” ಎಂದೆ.

“ನೀನ್ ಸುಮ್ನಿರು. ಆ ಬಸ್ಸಿನವನು ಏನ್ ತೋರಿಸ್ತಾನೆ ಅಂತ ನಾನೂ ನೋಡ್ತೀನಿ.”

ಅಕ್ಕ ಇಬ್ಬರ ಮಾತನ್ನೂ ಕೇಳಿಸಿಕೊಂಡು ಕಾಫಿ ಲೋಟ ಕೆಳಗಿಟ್ಟಳು. ಶುಭಯಾನದವರದೊಂದು ಪದ್ಧತಿಯಿತ್ತು. ಟೂರಿಗೆ ಹೆಸರು ಕೊಟ್ಟವರನ್ನೆಲ್ಲ ಒಂದು ಭಾನುವಾರ ನಂದಿ ಬೆಟ್ಟಕ್ಕೆ ಕರೆದೊಯ್ದು ಪರಸ್ಪರ ಪರಿಚಯ ಮಾಡಿಸುವರು. ಅಕ್ಕ ಅದನ್ನೇ ಹಿಡಿದುಕೊಂಡಳು.

“ಒಂದ್ ಭಾನುವಾರ ಅವ್ರ ಜೊತೆ ನಂದಿಗೆ ಹೋಗ್ತೀನಿ. ಮುಂದಿನ ಭಾನುವಾರ ನೀವ್ ನಿಮ್ಮ ರೈಲಲ್ಲಿ ಅದೇ ನಂದಿಗೆ ಕರ್ಕೊಂಡ್ ಹೋಗಿ. ಯಾರ್ ನಂಗೆ ನಂದಿ ತೋರಿಸ್ತಾರೋ ಅವ್ರ ಜೊತೆ ಯುರೋಪಿಗೆ. ನಾಗೂ, ನೀನು ಎರಡಕ್ಕೂ ಬಾ, ಸಾಕ್ಷಿ.”

ಅವಳು ಇಷ್ಟು ಉದ್ದ ಮಾತಾಡಿದ್ದನ್ನು ಕೇಳಿ ಭಾವ ತಬ್ಬಿಬ್ಬಾದರು. ಒಪ್ಪಿಕೊಳ್ಳದೆ ಬೇರೆ ದಾರಿಯಿರಲಿಲ್ಲ.

ಫೆಬ್ರವರಿಯ ಮೊದಲ ಭಾನುವಾರ ಮೇಖ್ರಿ ಸರ್ಕಲ್ಲಿನಲ್ಲಿ ಬಸ್ಸು ಹತ್ತಿದೆವು. ಟೂರ್ ಮ್ಯಾನೇಜರ್ ಜಯಸಿಂಹ ಎನ್ನುವ ಹುರುಪಿನ ಮನುಷ್ಯ, ಕೊರಳಲ್ಲಿ ಒಂದು ಸೀಟಿ. ಹತ್ತಿದವರಿಗೆಲ್ಲ ಹಳದಿ ಟೋಪಿ ಹಾಕಿಸಿದರು. ಅಕ್ಕ ತುರುಬಿನ ಮೇಲೆ ಟೋಪಿ ಕೂರಿಸಲು ಪಟ್ಟ ಪಾಡು ನೋಡಿ ನಾನು ಹೆಬ್ಬಾಳದವರೆಗೂ ನಕ್ಕೆ. ಯಲಹಂಕ ದಾಟುವ ಹೊತ್ತಿಗೆ ಅಂತ್ಯಾಕ್ಷರಿ ಶುರುವಾಗಿ, ಪುಳಿಯೋಗರೆ ಹಂಚಿ, ಇಡೀ ಬಸ್ಸು ಒಂದೇ ಮನೆಯಾಗಿತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಮಜವಾಗಿತ್ತು.

ಅಕ್ಕನ ಪಕ್ಕದಲ್ಲಿ ಕೂತಿದ್ದವರು ರಾಜಾನುಕುಂಟೆಯ ಲಕ್ಕಮ್ಮ. ಗಂಡ ಚಿಕ್ಕಮುನಿಯಪ್ಪ, ದೊಡ್ಡ ದ್ರಾಕ್ಷಿ ತೋಟದವರು. ಯುರೋಪಿನಲ್ಲಿ ದ್ರಾಕ್ಷಿ ಹೇಗೆ ಬೆಳೆಯುತ್ತಾರೆ ನೋಡಬೇಕೆಂದು ಆತ ಹೊರಟಿದ್ದರೆ, ಗಂಡನನ್ನು ಒಬ್ಬನೇ ಕಳಿಸಬಾರದೆಂದು ಈಕೆ ಹೊರಟಿದ್ದರು.

“ನಮ್ಗೆ ಇಂಗ್ಲೀಸ್ ಬರಾಕಿಲ್ಲ ಕಣವ್ವಾ. ಇಂಗೆ ಗುಂಪಲ್ಲಿ ಹೊಂಟ್ರೆ ಧೈರ್ಯ. ದಾರಿ ತಪ್ಪಿದ್ರೂ ಮೂವತ್ತಾರು ಜನ ಒಟ್ಟಿಗೆ ತಪ್ತೀವಿ” ಎಂದರು ಲಕ್ಕಮ್ಮ.

ಅಕ್ಕನಿಗೆ ಆಕೆಯನ್ನು ಕಂಡು ಹತ್ತು ವರ್ಷದ ಗೆಳತಿ ಸಿಕ್ಕಂತಾಯಿತು. ಇನ್ನು ಭಾವನ ಕಥೆ ಮುಗಿಯಿತು ಎಂದುಕೊಂಡೆ.

ಬೆಟ್ಟದ ಮೇಲೆ ಇಳಿದ ಕೂಡಲೇ ಜಯಸಿಂಹ ಸೀಟಿ ಊದಿದರು. “ಟಿಪ್ಪು ಡ್ರಾಪ್, ಹನ್ನೆರಡು ನಿಮಿಷ! ಫೋಟೋ ತೆಗೆಸ್ಕೊಳ್ಳೋರು ಈ ಕಡೆ ಸಾಲಲ್ಲಿ ಬನ್ನಿ!” ಮೂವತ್ತಾರು ಜನ ಸಾಲಿನಲ್ಲಿ ನಿಂತೆವು. ಅಕ್ಕನ ಸರದಿ ಬಂದು ಅವಳು ಕಲ್ಲುಗೋಡೆಯ ಮೇಲೆ ಕೈಯಿಟ್ಟು ಕೆಳಗೆ ಬಗ್ಗಿ ನೋಡುವಷ್ಟರಲ್ಲಿ ಮತ್ತೆ ಸೀಟಿ. ದೇವಸ್ಥಾನಕ್ಕೆ ಹತ್ತು ನಿಮಿಷ, ಸೀಟಿ. ಅಮೃತ ಸರೋವರಕ್ಕೆ ಎಂಟು ನಿಮಿಷ, ಸೀಟಿ. ಊಟಕ್ಕೆ ಮಾತ್ರ ಧಾರಾಳವಾಗಿ ಒಂದೂಕಾಲು ಗಂಟೆ. ಅಲ್ಲಿ ಅಕ್ಕ ಜಯಸಿಂಹರನ್ನು ಮೆಲ್ಲಗೆ ಕೇಳಿದಳು, ಟೂರಿನ ಪಟ್ಟಿಯಲ್ಲಿದ್ದ ಸ್ವಿಸ್ ದೇಶದ ಕೆರೆಗೆ ಎಷ್ಟು ಹೊತ್ತು ಎಂದು.

“ಅಮ್ಮಾ, ಅದು ಬೆಸ್ಟ್ ಸ್ಪಾಟು. ಪೂರ್ತಿ ಇಪ್ಪತ್ತೈದು ನಿಮಿಷ ಇಟ್ಟಿದ್ದೀನಿ” ಎಂದರು ಜಯಸಿಂಹ. ಪಾಪ, ಅವರು ಅದನ್ನು ಉಡುಗೊರೆ ಕೊಡುವವರ ಸಂತೋಷದಿಂದಲೇ ಹೇಳಿದರು.

ವಾಪಸು ಬರುವಾಗ ಅಕ್ಕ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದಳು. “ಇವ್ರೂ ನಿಮ್ಮ ಭಾವನೇ ಕಣೇ ನಾಗೂ. ಸೀಟಿ ಒಂದು ಹೆಚ್ಚು” ಎಂದಳು. ನಗುತ್ತಲೇ ಹೇಳಿದರೂ ನನಗೆ ಕೇಳಲು ಕಷ್ಟವಾಯಿತು. ನಾನೇ ತಂದುಕೊಟ್ಟ ಕಾಗದವಲ್ಲವೇ.

ಎರಡನೆಯ ಭಾನುವಾರ ಭಾವನ ಸರದಿ. ಹಿಂದಿನ ದಿನವೇ ನನಗೊಂದು ಪ್ರತಿ ಕೊಟ್ಟಿದ್ದರು: ಯಶವಂತಪುರ ಬಿಡುವುದು ಆರು ಐವತ್ತು, ಯಲಹಂಕದಲ್ಲಿ ಗಾಡಿ ಬದಲು, ನಂದಿ ಹಾಲ್ಟ್ ಒಂಬತ್ತು ನಲವತ್ತು. ಗಡಿಯಾರ ನೋಡಿಕೊಂಡು ಹೇಳುತ್ತೇನೆ, ಎಲ್ಲವೂ ನಿಮಿಷ ತಪ್ಪದೆ ನಡೆಯಿತು. ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆ ಹೋಗುವ ಆ ಪುಟಾಣಿ ಗಾಡಿಯ ಹಳಿಯೇ ಕಿರಿದು, ಓಟವೂ ನಿಧಾನ. ಇಳಿದು ಹುಣಸೆಕಾಯಿ ಕಿತ್ತುಕೊಂಡು ಮತ್ತೆ ಹತ್ತಬಹುದು. ಗಾರ್ಡ್ ರಹಮತುಲ್ಲಾ ಒಂದು ಕಾಲದಲ್ಲಿ ಯಶವಂತಪುರದಲ್ಲಿ ಭಾವನ ಜೊತೆಗಿದ್ದವರು. “ಏನ್ ಸೇತು ಸಾಬ್, ರಿಟೈರ್ ಆದ್ಮೇಲೂ ಗಾಡಿ ಬಿಡಂಗಿಲ್ವಾ?” ಎಂದು ನಕ್ಕು ನಮ್ಮನ್ನು ಹತ್ತಿಸಿಕೊಂಡರು.

ನಂದಿ ಹಾಲ್ಟಿನಲ್ಲಿ ಇಳಿದು ಜಟಕಾದಲ್ಲಿ ನಂದಿ ಗ್ರಾಮದ ದೇವಸ್ಥಾನ. ದರ್ಶನಕ್ಕೆ ನಲವತ್ತು ನಿಮಿಷ, ಕಲ್ಯಾಣಿಗೆ ಹದಿನೈದು ನಿಮಿಷ. ಮೆಟ್ಟಿಲ ಮೇಲೆ ಕೂತು ಮೊಸರನ್ನ ತಿನ್ನುತ್ತಿದ್ದ ಅಕ್ಕನನ್ನು ಎಬ್ಬಿಸಿದ್ದು ಸೀಟಿಯಲ್ಲ, ಭಾವನ ಕೆಮ್ಮು. ಬೆಟ್ಟ ಹತ್ತಲು ಪ್ಲಾನಿನಲ್ಲಿ ಸಮಯವೇ ಇರಲಿಲ್ಲ. “ಕೆಳಗಿಂದ್ಲೇ ಚೆನ್ನಾಗ್ ಕಾಣತ್ತೆ ಕಣೇ” ಎಂದರು ಭಾವ. ಯಮುನೆಯ ಸೇತುವೆಯ ಮೇಲೆ ಹೇಳಿದ್ದೂ ಹೆಚ್ಚುಕಡಿಮೆ ಇದೇ ಮಾತು. ಅಕ್ಕ ನನ್ನ ಮುಖ ನೋಡಿದಳು, ನಾನು ಕಲ್ಯಾಣಿಯ ನೀರು ನೋಡಿದೆ.

ಸರಿಯಾಗಿ ನಲವತ್ತು ನಿಮಿಷ ಮೊದಲು ಮತ್ತೆ ಸ್ಟೇಷನ್ನಿಗೆ ಬಂದು ಕೂತೆವು. ಪುಟ್ಟ ಕಲ್ಲಿನ ಸ್ಟೇಷನ್ನು, ಮುಂದೊಂದು ದೊಡ್ಡ ಮರ, ಅದರ ಕೆಳಗೆ ಒಂದು ಕಲ್ಲುಬೆಂಚು. ಬೆಂಚಿನ ಎದುರಿಗೇ ಇಡೀ ನಂದಿ ಬೆಟ್ಟ. ಮಧ್ಯಾಹ್ನದವರೆಗೂ ಅದರ ತಲೆಯ ಮೇಲೆ ಮೋಡ ಕೂತಿತ್ತು. ಈಗ ಅದು ಒಂದು ಬದಿಯಿಂದ ಮೆಲ್ಲಗೆ ಸರಿಯುತ್ತಿತ್ತು, ಕಲ್ಲಿನ ಬೋಳುಮುಖ ಒಂದೊಂದೇ ತುಂಡಾಗಿ ಹೊರಗೆ ಬರುತ್ತಿತ್ತು. ಅಕ್ಕ ಬುಟ್ಟಿ ಕೆಳಗಿಟ್ಟು ಅದನ್ನೇ ನೋಡುತ್ತಾ ಕೂತಳು.

ಭಾವ ಗೆದ್ದ ಉತ್ಸಾಹದಲ್ಲಿದ್ದರು. ಕೈಚೀಲದಿಂದ ತಮ್ಮ ಪ್ರಯಾಣದ ಪುಸ್ತಕ ತೆಗೆದರು. ಮೂವತ್ನಾಲ್ಕು ವರ್ಷದ ಎಲ್ಲ ಪ್ರವಾಸವೂ ಅದರಲ್ಲಿತ್ತು, ರಟ್ಟಿಗೆ ಮೂರು ಸಲ ಬಟ್ಟೆ ಅಂಟಿಸಿದ್ದರು. “ಇಷ್ಟು ವರ್ಷದಲ್ಲಿ ಇಳಿದು ಹತ್ತೋ ಕಡೆ ಒಂದು ಕನೆಕ್ಷನ್ ಗಾಡಿ ತಪ್ಪಿದ್ರೆ ತೋರಿಸು” ಎಂದು ನನ್ನ ಮುಂದೆ ಹಿಡಿದರು.

“ನಾಗೂ, ಆಗ್ರಾ ತೆಗೆದು ಓದೇ” ಎಂದಳು ಅಕ್ಕ. ಕಣ್ಣು ಬೆಟ್ಟದ ಮೇಲೇ ಇತ್ತು.

ಹುಡುಕಿ ಓದಿದೆ. “ಆಗ್ರಾ ಕೋಟೆ. ಬಂದದ್ದು ಆರು ಹತ್ತು. ಬಿಟ್ಟದ್ದು ಏಳು ಐದು. ಸರಿಯಾದ ಸಮಯ. ಕಾಫಿ ಚೆನ್ನಾಗಿರಲಿಲ್ಲ.”

“ತಾಜಮಹಲು?”

“ಇಲ್ಲ.”

“ಪುರಿ?”

“ಬಂದದ್ದು ಹನ್ನೊಂದು ಇಪ್ಪತ್ತು, ಹದಿನೈದು ನಿಮಿಷ ತಡ. ಬಿಟ್ಟದ್ದು ಒಂದು ಗಂಟೆ. ಎರಡನೇ ಪ್ಲಾಟ್‌ಫಾರ್ಮಿನ ನಲ್ಲಿ ಸೋರುತ್ತಿದೆ.”

ಅಕ್ಕ ನಕ್ಕಳು. ಸಿಟ್ಟಿನ ನಗು ಆಗಿದ್ದರೆ ಭಾವ ಏನಾದರೂ ತಿರುಗಿ ಹೇಳುತ್ತಿದ್ದರು, ಅದು ಹಾಗಿರಲಿಲ್ಲ. “ನಲ್ಲಿ ನೋಡಿದಾರೆ ನೋಡು” ಎಂದಳು. “ರೀ, ಇದ್ರಲ್ಲಿ ನಾನು ಏನಾದ್ರೂ ನೋಡಿದ್ದು ಒಂದಾದ್ರೂ ಬರ್ದಿದ್ದೀರಾ?”

ಭಾವ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡರು. ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ತಿರುವತೊಡಗಿದರು. ರಾಮೇಶ್ವರ, ದ್ವಾರಕೆ, ಕಾಶಿ. ಪುಟ ತಿರುವುತ್ತಾ ತಿರುವುತ್ತಾ ಅವರ ಮುಖ ಸಣ್ಣದಾಯಿತು. ಅವರನ್ನು ಇಷ್ಟು ವರ್ಷ ಗೋಳುಹೊಯ್ದುಕೊಂಡ ನನಗೆ ಮೊದಲ ಸಲ ಅವರ ಮೇಲೆ ಕನಿಕರ ಬಂತು. ಮನುಷ್ಯ ಕೆಟ್ಟವನಲ್ಲ. ಹೆಂಡತಿಗೆ ಇಡೀ ದೇಶ ತೋರಿಸಿದ್ದೇನೆಂದು ನಿಜವಾಗಿಯೂ ನಂಬಿದ್ದರು.

ಅಷ್ಟರಲ್ಲಿ ದೂರದಲ್ಲಿ ಎಂಜಿನ್ ಕೂಗಿತು. ಪುಟಾಣಿ ಗಾಡಿ ತೂರಾಡಿಕೊಂಡು ಬಂದು ನಿಂತಿತು. ಅವತ್ತಿಗೆ ಯಲಹಂಕದ ಕಡೆಗೆ ಅದೇ ಕೊನೆಯ ಗಾಡಿ. ಅಕ್ಕ ಅಭ್ಯಾಸಬಲದಿಂದ ಬುಟ್ಟಿಗೆ ಕೈಹಾಕಿ ಏಳಲು ಹೊರಟಳು. ಬೆಟ್ಟದ ಮೇಲೆ ಇನ್ನೊಂದು ಗೇಣು ಮೋಡ ಉಳಿದಿತ್ತು. ಏಳುತ್ತಿದ್ದರೂ ಅವಳ ಕತ್ತು ಅತ್ತಲೇ ತಿರುಗಿತ್ತು.

“ಕೂತ್ಕೋ” ಎಂದರು ಭಾವ.

“ಗಾಡಿ ಬಂತಲ್ರೀ.”

“ಕೂತ್ಕೋ ಗೋದಾ. ಇನ್ನೂ ಪೂರ್ತಿ ಬಿಟ್ಟಿಲ್ಲ ಮೋಡ.”

ಹಿಂದಿನ ಡಬ್ಬಿಯಿಂದ ರಹಮತುಲ್ಲಾ ತಲೆ ಹೊರಗೆ ಹಾಕಿದರು. “ಸೇತು ಸಾಬ್, ಬರ್ತೀರಾ ಇಲ್ವಾ? ಟೈಮ್ ಆಯ್ತು!”

ಭಾವ ಎದ್ದು ನಿಂತರು. ಒಂದು ಕ್ಷಣ ಅವರು ಓಡಿ ಹತ್ತಿಬಿಡುತ್ತಾರೆಂದೇ ನಾನು ಎಣಿಸಿದೆ. ಅವರು ಜುಬ್ಬದ ತೋಳು ಸರಿಮಾಡಿಕೊಂಡು, ಬಲಗೈಯನ್ನು ತಲೆಯ ಮೇಲಕ್ಕೆತ್ತಿ, ನಿಧಾನವಾಗಿ ಅತ್ತಿತ್ತ ಬೀಸಿದರು. ರಹಮತುಲ್ಲಾ ಬಾಯಿಬಿಟ್ಟುಕೊಂಡು ನೋಡಿದರು. ಮತ್ತೆ ನೋಡಿದರು. ಆಮೇಲೆ ತಾವೂ ಹಸಿರು ಬಾವುಟ ಎತ್ತಿದರು. ಗಾಡಿ ಹೊರಟುಹೋಯಿತು.

ಜೀವನದಲ್ಲಿ ಒಂದು ಗಾಡಿಯನ್ನೂ ಬಿಡದ ಮನುಷ್ಯ ಅದರ ಬಾಲ ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದು, ಬಂದು ಹೆಂಡತಿಯ ಪಕ್ಕ ಕೂತರು. ಬೆಟ್ಟ ಪೂರ್ತಿ ಬಯಲಾಯಿತು, ಬಿಸಿಲು ಅದರ ಮೇಲೆ ಹಳದಿಯಾಯಿತು. ನಾನು ನಲ್ಲಿ ಹುಡುಕುವ ನೆಪದಲ್ಲಿ ಎದ್ದುಹೋದೆ. ನಾನು ಬಂದಾಗಲೂ ಹಾಗೇ ಕೂತಿದ್ದರು. ಮುಕ್ಕಾಲು ಗಂಟೆಯಾದ ಮೇಲೆ ಅಕ್ಕ ತಾನಾಗಿಯೇ “ಸಾಕು, ಹೊರಡೋಣ” ಎಂದಳು.

ಬಸ್ ರಸ್ತೆಗೆ ನಡೆಯುವಾಗ ಭಾವ ಪುಸ್ತಕದ ಹಿಂಬದಿಯಿಂದ ಒಂದು ಕಾಗದ ತೆಗೆದು ಅಕ್ಕನಿಗೆ ಕೊಟ್ಟರು. ಎರಡು ವಾರದ ಹಿಂದೆಯೇ ಬಂದಿದ್ದ ಉತ್ತರ. ಸ್ವಿಸ್ ದೇಶದ ಯಾವುದೋ ಸಣ್ಣ ಊರಿನ ಸ್ಟೇಷನ್ ಮಾಸ್ಟರದು. ಹೆಸರು ನಮಗ್ಯಾರಿಗೂ ನೆಟ್ಟಗೆ ಹೇಳಲು ಬಾರದ ಕಾರಣ ಮುಂದೆ ಅದು ನಮ್ಮ ಮನೆಯಲ್ಲಿ ‘ಕೆರೆ ಸ್ಟೇಷನ್’ ಆಯಿತು. ರಿಟೈರಿಂಗ್ ರೂಮು ಎಂಬುದು ನಮ್ಮಲ್ಲಿಲ್ಲ ಎಂದು ಆತ ಬರೆದಿದ್ದರು. ಆದರೆ ಸ್ಟೇಷನ್ ಮೇಲಿನ ಮನೆಯಲ್ಲಿ ನಾನೂ ನನ್ನ ಹೆಂಡತಿಯೂ ಇದ್ದೇವೆ, ಕೆರೆಯ ಕಡೆಗೆ ಕಿಟಕಿ ಇರುವ ಒಂದು ಕೋಣೆ ಖಾಲಿ ಇದೆ, ಇಷ್ಟು ದೂರದ ರೈಲ್ವೆಯವರು ಬಂದರೆ ನಮಗೆ ಸಂತೋಷ, ಎಷ್ಟು ದಿನ ಬೇಕಾದರೂ ಇರಿ.

“ಇದನ್ನ್ ಯಾಕ್ ಹೇಳ್ಲಿಲ್ಲ?” ಎಂದಳು ಅಕ್ಕ.

“ಪ್ಲಾನ್ ತಿದ್ದಿದ್ಮೇಲೆ ಅಲ್ಲಿ ನಮ್ಗೆ ಇದ್ದಿದ್ದು ಒಂಬತ್ತು ನಿಮಿಷದ ಕನೆಕ್ಷನ್ನು” ಎಂದರು ಭಾವ, ತಲೆ ತಗ್ಗಿಸಿ.

ಅಕ್ಕ ಅವತ್ತೇ ತೀರ್ಪು ಕೊಟ್ಟಳು. ಹೋಗುವುದು ಗಂಡನ ಜೊತೆಗೆ, ಇಬ್ಬರೇ. ಪಾಸು ಇರಲಿ, ಟೈಮ್‌ಟೇಬಲ್ಲೂ ಇರಲಿ. ಪ್ರಯಾಣದ ಪುಸ್ತಕ ಮಾತ್ರ ಬೀರುವಿನಲ್ಲಿ, ಬೀಗದ ಕೈ ನಾಗೂ ಹತ್ತಿರ.

ಮೇ ತಿಂಗಳಲ್ಲಿ ಅವಲಕ್ಕಿ, ಪುಳಿಯೋಗರೆ ಗೊಜ್ಜು, ಎರಡು ಕಂಬಳಿ ಹೊತ್ತು ಹೊರಟರು. ಅದೇ ತಿಂಗಳು ಜಯಸಿಂಹರ ಹಳದಿ ಟೋಪಿಗಳೂ ಹಾರಿದವು. ಅಕ್ಕನಿಂದ ನನಗೆ ಬಂದದ್ದು ಒಂದೇ ಚಿತ್ರದ ಕಾರ್ಡು. ಅದರಲ್ಲಿ, ‘ಬೆಳಗ್ಗೆ ಕೆರೆ ನೀಲಿ, ಮಧ್ಯಾಹ್ನ ಹಸಿರು, ಸಂಜೆ ಏನೆಂದು ಹೇಳಲು ಬರುವುದಿಲ್ಲ. ನಾಳೆ ಮತ್ತೆ ನೋಡಿ ಬರೆಯುತ್ತೇನೆ’ ಎಂದಿತ್ತು. ಮತ್ತೆ ಬರೆಯಲಿಲ್ಲ, ನೋಡುವುದೇ ಮುಗಿಯಲಿಲ್ಲವೇನೋ.

ಜೂನಿನಲ್ಲಿ ವಾಪಸು ಬಂದ ಮೇಲೆ ಲಕ್ಕಮ್ಮ ಒಂದು ಬುಟ್ಟಿ ದ್ರಾಕ್ಷಿ ಹೊರಿಸಿಕೊಂಡು ಯಶವಂತಪುರದ ಅಕ್ಕನ ಮನೆಗೆ ಬಂದರು. ಹಳದಿ ಟೋಪಿ ತಲೆಯ ಮೇಲೇ ಇತ್ತು. ಟೂರಿನ ಸುದ್ದಿ ಹೇಳಿ ಹೇಳಿ ನಮ್ಮನ್ನು ನಗಿಸಿದರು. ಯಾವುದೋ ಗೋಪುರದ ಮುಂದೆ ಗಂಡ ಕಳೆದುಹೋಗಿ, ಆತ ದ್ರಾಕ್ಷಿ ಅಂಗಡಿಯಲ್ಲಿ ಸಿಕ್ಕಿದ್ದು. ಅಡುಗೆಯವರು ಜ್ವರ ಬಂದು ಮಲಗಿ, ಲಕ್ಕಮ್ಮನೇ ಎರಡು ದೇಶಗಳಲ್ಲಿ ಮುದ್ದೆ ಕಟ್ಟಿದ್ದು. ಆಕೆಯ ಮುಖದಲ್ಲಿ ಇದ್ದ ಸಂತೋಷಕ್ಕೆ ಒಂದು ಕೊಂಕು ಮಾತೂ ನನ್ನ ಬಾಯಿಗೆ ಬರಲಿಲ್ಲ.

ಅಕ್ಕ ಒಂದು ಫೋಟೋ ತೋರಿಸಿದಳು. ಕೆರೆ ಸ್ಟೇಷನ್ನಿನ ಮಾಸ್ಟರ ಹೆಂಡತಿ ತೆಗೆದದ್ದಂತೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ರೇಷ್ಮೆ ಸೀರೆ, ಉಣ್ಣೆ ಕಾಲುಚೀಲ, ಹವಾಯಿ ಚಪ್ಪಲಿಯಲ್ಲಿ ಅಕ್ಕ. ಮುಂದೆ ನೀರು, ನೀರಿನಾಚೆ ಹಿಮದ ಬೆಟ್ಟ. ಫೋಟೋದ ಅಂಚಿನಲ್ಲಿ ಹೊರಟ ಗಾಡಿಯ ಬಾಲ, ಅದರ ಪಕ್ಕ ಮೇಲೆತ್ತಿದ ಒಂದು ಕೈ.

“ಒಂಬತ್ತು ದೇಸ ನೋಡ್ದೆ ಕಣವ್ವಾ ನಾನು” ಎಂದರು ಲಕ್ಕಮ್ಮ. “ನೀವೆಷ್ಟು?”

“ಮೂರು” ಎಂದಳು ಅಕ್ಕ.

“ಅಯ್ಯೋ, ಯಾಕ್ರವ್ವಾ? ಗಾಡಿ ತಪ್ಪೋಯ್ತಾ?”

ಅಕ್ಕ ಒಳಗೆ ಕಾಫಿ ಸೋಸುತ್ತಿದ್ದ ಭಾವನ ಕಡೆ ನೋಡಿದಳು.

“ತಪ್ಪಲಿಲ್ಲ ಲಕ್ಕಮ್ಮಾ. ಆರು ದೇಶದ ಗಾಡಿನೂ ಸರಿಯಾದ್ ಟೈಮಿಗೆ ಬಂತು. ಇವ್ರೇ ಕೈ ಬೀಸಿ ಕಳಿಸ್ಬಿಟ್ರು.”